ಗೇಮ್ ಸಂಗೀತ ಹಾಕಿಕೊಂಡು ಓದಿದರೆ ಹೆಚ್ಚು ಅಂಕ ಬರುತ್ತದೆಯೇ?

ಪರೀಕ್ಷೆ ಹತ್ತಿರ ಬಂದಾಗ ಮೊಬೈಲ್‌ಗಳಲ್ಲಿ ಒಂದು ಮಾತು ಹರಿದಾಡುತ್ತದೆ: ವಿಡಿಯೊ ಗೇಮ್‌ಗಳ ಹಿನ್ನೆಲೆ ಸಂಗೀತವನ್ನು ಏಕಾಗ್ರತೆ ಹೆಚ್ಚಿಸಲೆಂದೇ ರಚಿಸುತ್ತಾರೆ, ಅದನ್ನು ಕೇಳುತ್ತಾ ಓದಿದರೆ ಪಾಠ ತಲೆಯಲ್ಲಿ ಉಳಿಯುತ್ತದೆ. ಇದು ನಿಜವೇ?

ಈ ಸಂಗೀತ ಹೇಗೆ ತಯಾರಾಗುತ್ತದೆ?

ಸಿನಿಮಾದಲ್ಲಿ ದೃಶ್ಯದ ಅಳತೆ ಮೊದಲೇ ಗೊತ್ತಿರುತ್ತದೆ. ಗೇಮ್‌ನಲ್ಲಿ ಹಾಗಲ್ಲ. ಆಡುವವರು ಒಂದು ಕಾಡನ್ನು ಅರ್ಧ ನಿಮಿಷದಲ್ಲಿ ದಾಟಬಹುದು, ಅರ್ಧ ಗಂಟೆ ಅಲ್ಲೇ ಅಲೆಯಲೂಬಹುದು. ಹಾಗಾಗಿ ಕೊನೆಯಿಂದ ಮೊದಲಿಗೆ ಜಾರಿದ್ದೇ ಗೊತ್ತಾಗದಂಥ ತುಣುಕುಗಳನ್ನು ರಚಿಸುತ್ತಾರೆ. ಆರ್ಕೆಸ್ಟ್ರಾ ಸಂಗೀತವಾದರೆ ಪಿಟೀಲು, ಕೊಳಲು, ಡ್ರಮ್ ಗುಂಪುಗಳನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡುವುದೂ ಉಂಟು. ಶತ್ರು ಎದುರಾದರೆ ಡ್ರಮ್ ಸೇರುತ್ತದೆ. ಅಪಾಯ ಕಳೆದರೆ ಪಿಟೀಲು ಮಾತ್ರ ಉಳಿಯುತ್ತದೆ.

ಮಲ್ಲೇಶ್ವರದ ಸೇವಾ ಸದನದಲ್ಲೋ ಊರಿನ ಬಯಲಿನಲ್ಲೋ ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಭಾಗವತರ ಕಣ್ಣು ವೇಷಧಾರಿಯ ಮೇಲಿರುತ್ತದೆ. ಕುಣಿತ ಮುಂದುವರಿದರೆ ಪದ್ಯದ ಸಾಲು ಮರಳಿ ಬರುತ್ತದೆ, ಯುದ್ಧವಾದರೆ ಚೆಂಡೆ ಏರುತ್ತದೆ. ಗೇಮ್‌ನಲ್ಲಿ ಹೀಗೆ ಕಣ್ಣಿಡುವ ಕೆಲಸ ಸಾಫ್ಟ್‌ವೇರ್‌ನದು.

ಏಕಾಗ್ರತೆಗೆಂದೇ ರಚಿಸುತ್ತಾರೆಯೇ?

ಇಲ್ಲ. ಸಂಗೀತ ಆಟದ ಸನ್ನಿವೇಶಕ್ಕೆ ಹೊಂದಬೇಕು, ಅಷ್ಟೇ. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಮತ್ತೆ ಮತ್ತೆ ಬರುವ ನಾಲ್ಕು ಸ್ವರಗಳು ಆಟ ಬಿಗಿಯಾದಂತೆ ಚುರುಕಾಗುತ್ತವೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಸಮಯ ಮುಗಿಯುತ್ತಾ ಬಂದಾಗ ಕೋಜಿ ಕೊಂಡೊ ಅವರ ಸಂಗೀತ ಓಡತೊಡಗುತ್ತದೆ. ಆಡುವವರಿಗೆ ಗಾಬರಿಯಾಗಲಿ ಎಂಬುದೇ ಅಲ್ಲಿನ ಉದ್ದೇಶ!

ಹಾಗಾದರೆ ಏನೂ ಲಾಭವಿಲ್ಲವೇ?

ಸ್ವಲ್ಪ ಇರಬಹುದು. ಓದುವಾಗ ಹಾಡಿನ ಸಾಹಿತ್ಯ ಕಿವಿಗೆ ಬಿದ್ದರೆ ಪುಸ್ತಕದ ಮಾತಿಗೂ ಹಾಡಿನ ಮಾತಿಗೂ ಪೈಪೋಟಿಯಾಗುತ್ತದೆ. ಗೇಮ್ ಸಂಗೀತದಲ್ಲಿ ಹೆಚ್ಚಾಗಿ ಮಾತಿಲ್ಲ. ಆದರೆ ವೀಣೆ, ಕೊಳಲಿನ ವಾದನದಲ್ಲೂ ಮಾತಿಲ್ಲ. ಗೇಮ್ ಎಂಬ ಕಾರಣಕ್ಕೆ ಅದಕ್ಕೆ ವಿಶೇಷ ಶಕ್ತಿ ಬರುವುದಿಲ್ಲ. ಗಾಂಧಿ ಬಜಾರ್‌ನಂಥ ಗದ್ದಲದ ರಸ್ತೆ ಬದಿಯ ಮನೆಯಲ್ಲಿ ಸಣ್ಣ ದನಿಯ ಸಂಗೀತ ಹಾರ್ನ್ ಸದ್ದನ್ನು ತುಸು ಮರೆಸಬಹುದು. ಮನೆ ನಿಶ್ಶಬ್ದವಾಗಿದ್ದರೆ, ಕಷ್ಟದ ಪಾಠಕ್ಕೆ ಆ ಮೌನವೇ ಒಳ್ಳೆಯದು.

ಇಂಥ ಮಾತು ಬೆಳೆಯುವುದು ಹೇಗೆ?

1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಬಂತು. 36 ಕಾಲೇಜು ವಿದ್ಯಾರ್ಥಿಗಳು 10 ನಿಮಿಷ ಮೊಜಾರ್ಟ್ ಸಂಗೀತ ಕೇಳಿದಾಗ, ಆಕೃತಿಗಳನ್ನು ಊಹಿಸುವ ಒಂದು ಬಗೆಯ ಪರೀಕ್ಷೆಯಲ್ಲಿ ಅವರ ಅಂಕ ಸ್ವಲ್ಪ ಏರಿತ್ತು. ಪರಿಣಾಮ 10–15 ನಿಮಿಷದಲ್ಲೇ ಇಳಿದಿತ್ತು. ಅದೇ ಮುಂದೆ ‘ಮೊಜಾರ್ಟ್ ಕೇಳಿಸಿದರೆ ಮಗು ಬುದ್ಧಿವಂತವಾಗುತ್ತದೆ’ ಎಂದಾಯಿತು. ಆ ಅಧ್ಯಯನದಲ್ಲಿ ಒಂದು ಮಗುವೂ ಇರಲಿಲ್ಲ.

ಮನೆಯಲ್ಲೇ ಪರೀಕ್ಷಿಸಿ

ಒಂದು ದಿನ ಸಂಗೀತದೊಂದಿಗೆ, ಇನ್ನೊಂದು ದಿನ ಸಂಗೀತವಿಲ್ಲದೆ ಅಷ್ಟೇ ಉದ್ದದ ಪಾಠ ಓದಿ. ಪುಸ್ತಕ ಮುಚ್ಚಿ, ನೆನಪಿರುವುದನ್ನು ಬರೆಯಿರಿ. ಕೆಲವು ಸಲ ಹೀಗೆ ಮಾಡಿದರೆ ನಿಮಗೆ ಯಾವುದು ಒಗ್ಗುತ್ತದೆ ಎಂದು ತಿಳಿಯುತ್ತದೆ. ಸಂಗೀತಕ್ಕೆಂದು ತೆರೆದ ಮೊಬೈಲ್‌ನಲ್ಲಿ ನೋಟಿಫಿಕೇಶನ್ ಬಂದ್ ಮಾಡಲು ಮರೆಯಬೇಡಿ. ಓದು ಕೆಡಿಸುವುದರಲ್ಲಿ ಅವು ಯಾವ ಸಂಗೀತಕ್ಕೂ ಕಡಿಮೆಯಿಲ್ಲ.