ತರಿಸದ ಸರಕಿಗೆ ದುಡ್ಡು ಯಾಕೆ ಕೊಡಬೇಕು?

ಮಧ್ಯಾಹ್ನ ಎರಡೂವರೆ. ಮಗ, ಸೊಸೆ ಕೆಲಸಕ್ಕೆ ಹೋಗಿದ್ದಾರೆ, ಮನೆಯಲ್ಲಿ ಅಜ್ಜಿ ಒಬ್ಬರೇ. ಗೇಟಿನ ಹತ್ತಿರ ಬೈಕ್ ನಿಲ್ಲುತ್ತದೆ. ‘ಅಜ್ಜೀ, ಪಾರ್ಸೆಲ್ ಇದೆ, 799 ರೂಪಾಯಿ ಕೊಡಿ.’ ಡಬ್ಬದ ಮೇಲೆ ಮಗನ ಹೆಸರಿದೆ, ಮೊಬೈಲ್ ನಂಬರೂ ಸರಿಯಾಗಿದೆ. ಮಗ ಫೋನ್ ಎತ್ತುವುದಿಲ್ಲ. ಬಿಸಿಲಲ್ಲಿ ನಿಂತ ಹುಡುಗನನ್ನು ಕಾಯಿಸುವುದು ಹೇಗೆ? ಸಾಸಿವೆ ಡಬ್ಬಿಯಿಂದ ದುಡ್ಡು ಹೊರಬರುತ್ತದೆ. ಸಂಜೆ ಬಿಚ್ಚಿ ನೋಡಿದರೆ ಒಳಗಿರುವುದು ಯಾರೂ ತರಿಸದ, ನೂರು ರೂಪಾಯಿಯೂ ಬಾಳದ ಒಂದು ಕೈಗಡಿಯಾರ.

ದಾವಣಗೆರೆಯಿಂದ ಬೆಂಗಳೂರಿನವರೆಗೆ ಯಾವ ಬೀದಿಯಲ್ಲಾದರೂ ನಡೆಯಬಹುದಾದ ದೃಶ್ಯ ಇದು. ಇದರ ಹಿಂದಿನ ಲೆಕ್ಕಾಚಾರ ಸರಳ. ಮೊತ್ತ ಕೊಡುವಾಗ ಯೋಚಿಸುವಷ್ಟು ದೊಡ್ಡದಿರಬಾರದು, ಕಳಕೊಂಡ ಮೇಲೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸುವಷ್ಟೂ ಇರಬಾರದು.

ವಿದ್ಯೆ ಹಳೆಯದೇ. ನಮ್ಮ ಅಂಚೆ ಇಲಾಖೆಯಲ್ಲಿ ವಿ.ಪಿ.ಪಿ., ಅಂದರೆ ಕಟ್ಟು ಕೈಸೇರುವಾಗ ಅಂಚೆಯವನಿಗೇ ದುಡ್ಡು ಕೊಡುವ ಪದ್ಧತಿ, ಶುರುವಾದದ್ದು 1877ರಲ್ಲಿ. ಹಳ್ಳಿಯ ಓದುಗನ ಮನೆಗೆ ಪುಸ್ತಕ ತಲುಪಿಸಿದ ಈ ಏರ್ಪಾಟೇ ಮೋಸಗಾರರ ಕೈಗೂ ಸಿಕ್ಕಿತು. ಪತ್ರಿಕೆಯ ಮೂಲೆಯ ಜಾಹೀರಾತಿನಲ್ಲಿ ಒಂಬತ್ತು ಮನೆಯ ಚೌಕ. ಎತ್ತ ಕೂಡಿಸಿದರೂ 15 ಬರುವಂತೆ ತುಂಬಿ ಕಳಿಸಿದವರಿಗೆಲ್ಲ ‘ಬಹುಮಾನ’. ಅಂಚೆಯಣ್ಣನಿಗೆ ದುಡ್ಡು ಕೊಟ್ಟ ಮೇಲಷ್ಟೇ ಕಟ್ಟು ಬಿಚ್ಚಬಹುದು. ಆಗ ಕೊನೇ ಪಕ್ಷ ಆಸೆಪಟ್ಟು ಕಾರ್ಡು ಬರೆದವನೇ ಮೋಸಹೋಗುತ್ತಿದ್ದ. ಈಗ ಕಾರ್ಡು ಬರೆಯುವ ಶ್ರಮವೂ ಬೇಡ, ಯಾವುದೋ ಅಂಗಡಿಯಿಂದ ಸೋರಿದ ವಿಳಾಸ ಸಾಕು.

ಕಾನೂನು ಏನನ್ನುತ್ತದೆ? 1872ರ ಕರಾರು ಕಾಯಿದೆಯ 70ನೇ ಕಲಮಿನ ಕೆಳಗೆ ಒಂದು ಪುಟ್ಟ ಉದಾಹರಣೆಯಿದೆ: ವ್ಯಾಪಾರಿಯೊಬ್ಬ ತಪ್ಪಿ ಇನ್ನೊಬ್ಬರ ಮನೆಯಲ್ಲಿ ಸರಕು ಬಿಟ್ಟುಹೋದಾಗ, ಮನೆಯವರು ಅದನ್ನು ತಮ್ಮದೆಂದೇ ಬಳಸಿದರೆ ಬೆಲೆ ಕೊಡಬೇಕು. ತಪ್ಪಿ ಬಿಟ್ಟವನಿಗೆ ಇದು ನ್ಯಾಯವೇ. ಬೇಕೆಂದೇ ಬಿಟ್ಟುಹೋಗುವವನಿಗೂ ಇದು ನೆರಳಾಗುತ್ತದೆ ಎಂಬುದೇ ತಕರಾರು. ಪಡೆದವರು ವಸ್ತುವನ್ನು ನಿರಾಕರಿಸಬಹುದು, ಹಿಂದಿರುಗಿಸಬಹುದು ಎಂದು ಬಿ.ಕೆ. ಮಂಡಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಳ್ಳೆಯದು. ಆದರೆ ಬಳಸದೆ, ಬಿಸಾಡದೆ ಅಟ್ಟದ ಮೇಲೆ ಕಾಪಾಡುವ, ಕೊರಿಯರ್ ಖರ್ಚು ಹಾಕಿ ವಾಪಸು ಕಳಿಸುವ ತಾಪತ್ರಯ ಯಾರದು? ಕೋಲು ಕೊಟ್ಟು ಪೆಟ್ಟು ತಿನ್ನುವುದೆಂದರೆ ಇದೇ.

ಅಮೆರಿಕ ಈ ಗಂಟನ್ನು 1970ರಲ್ಲೇ ಕತ್ತರಿಸಿತು. ಕೇಳದೆ ಅಂಚೆಯಲ್ಲಿ ಬಂದ ಸರಕು ಪಡೆದವರಿಗೆ ಉಡುಗೊರೆ. ಇಟ್ಟುಕೊಳ್ಳಲಿ, ಬಿಸಾಡಲಿ, ಅವರಿಷ್ಟ. ಬಿಲ್ ಕಳಿಸುವುದೇ ಕಾನೂನುಬಾಹಿರ. ಬ್ರಿಟನ್ 1971ರಲ್ಲಿ ಕಾಯಿದೆ ತಂದಾಗ ಆರು ತಿಂಗಳು ಕಾಯಿರಿ ಎಂದಿತ್ತು. 2000ದಲ್ಲಿ ಗ್ರಾಹಕರ ಮಟ್ಟಿಗೆ ಆ ಕಾಯುವಿಕೆಯನ್ನೂ ತೆಗೆದುಹಾಕಿತು.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಅದರ ಪ್ರಕಾರ ಗ್ರಾಹಕ ಎಂದರೆ ಹಣ ಕೊಟ್ಟು, ಇಲ್ಲವೇ ಕೊಡಲು ಒಪ್ಪಿ, ಕೊಳ್ಳುವವನು. ಏನನ್ನೂ ಕೊಳ್ಳದ ಅಜ್ಜಿ ದುಡ್ಡು ಕೊಡುವ ತನಕ ಗ್ರಾಹಕಿಯೇ ಅಲ್ಲ; ಕೊಟ್ಟ ಮರುಕ್ಷಣ ‘ಒಪ್ಪಿಯೇ ತಗೊಂಡಿರಲ್ಲ’ ಎಂಬ ಉತ್ತರ ಸಿದ್ಧ! 2023ರ ನವೆಂಬರಿನಲ್ಲಿ ಬಂದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ ಆನ್‌ಲೈನ್ ಅಂಗಡಿಗಳ 13 ಕುತಂತ್ರಗಳನ್ನು ಪಟ್ಟಿ ಮಾಡಿದೆ. ಕೊಳ್ಳುವವರಿಗೆ ಗೊತ್ತಾಗದಂತೆ ಬುಟ್ಟಿಗೆ ಇನ್ನೊಂದು ಸರಕು ಸೇರಿಸುವುದೂ ಅದರಲ್ಲಿದೆ. ಆದರೆ ಅದರ ಕಣ್ಣು ಪರದೆಯ ಮೇಲೆ. ಪರದೆಯನ್ನೇ ಮುಟ್ಟದವರ ಬಾಗಿಲಿಗೆ ಬಂದು ನಿಲ್ಲುವ ಡಬ್ಬ ಅದಕ್ಕೆ ಕಾಣುವುದಿಲ್ಲ.

ವಿಚಿತ್ರವೆಂದರೆ, ಸರಿಯಾದ ಮದ್ದು ನಮ್ಮ ದೇಶದಲ್ಲೇ ಇದೆ, ಬ್ಯಾಂಕಿನ ಕಪಾಟಿನಲ್ಲಿ. ಗ್ರಾಹಕ ಕೇಳದ ಕ್ರೆಡಿಟ್ ಕಾರ್ಡನ್ನು ಕೊಟ್ಟು, ಒಪ್ಪಿಗೆಯಿಲ್ಲದೆ ಚಾಲೂ ಮಾಡಿ ಬಿಲ್ ಕಳಿಸಿದರೆ, ಬ್ಯಾಂಕು ಆ ಮೊತ್ತವನ್ನು ರದ್ದು ಮಾಡುವುದಷ್ಟೇ ಅಲ್ಲ, ಅದರ ಎರಡರಷ್ಟು ದಂಡವನ್ನು ಚಕಾರವೆತ್ತದೆ ಗ್ರಾಹಕನಿಗೇ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳಿತು. ಕಾರ್ಡಿಗೆ ಸಲ್ಲುವ ನ್ಯಾಯ ಕೈಗಡಿಯಾರಕ್ಕೆ ಯಾಕೆ ಸಲ್ಲಬಾರದು?

ಕಂಪನಿಗಳ ವಾದವೂ ಇದೆ. ವಿಳಾಸ ತಪ್ಪುವುದುಂಟು, ತರಿಸಿಯೂ ‘ತರಿಸಿಲ್ಲ’ ಎನ್ನುವ ಗಿರಾಕಿಗಳುಂಟು. ನಿಜ, ಉಂಟು. ಹಾಗಾದರೆ ಆರ್ಡರಿನ ದಾಖಲೆ ತೋರಿಸಲಿ: ಯಾವ ದಿನ, ಯಾವ ನಂಬರಿನಿಂದ, ಯಾವ ಒ.ಟಿ.ಪಿ.ಯಿಂದ. ಆ ದಾಖಲೆ ಇರುವುದು ಅವರ ಕಂಪ್ಯೂಟರಿನಲ್ಲಿ, ಅಜ್ಜಿಯ ಸಾಸಿವೆ ಡಬ್ಬಿಯಲ್ಲಲ್ಲ. ಕ್ಯಾಶ್ ಆನ್ ಡೆಲಿವರಿಯನ್ನೇ ನಿಲ್ಲಿಸಿ ಎನ್ನುವವರ ಮಾತಂತೂ ನೆಗಡಿಯಾಯಿತೆಂದು ಮೂಗು ಕೊಯ್ಯುವ ಸಲಹೆ. ಕಾರ್ಡಿಲ್ಲದ, ಆ್ಯಪಿನಲ್ಲಿ ದುಡ್ಡು ಹಾಕಲು ಅಂಜುವ ಎಷ್ಟೋ ಮನೆಗಳಿಗೆ ಆನ್‌ಲೈನ್ ಅಂಗಡಿಯ ಬಾಗಿಲು ಅದೇ. ಡೆಲಿವರಿ ಹುಡುಗನ ಮೇಲೆ ರೇಗುವುದರಿಂದಲೂ ಪ್ರಯೋಜನವಿಲ್ಲ. ಡಬ್ಬದೊಳಗೆ ಏನಿದೆಯೆಂದು ಅವನಿಗೂ ಗೊತ್ತಿಲ್ಲ, ಬೈಗುಳ ಮಾತ್ರ ಅವನ ಪಾಲಿಗೆ.

ಸರಕು ಉಡುಗೊರೆಯೆಂದು ಸಾರಲು ಸಂಸತ್ತೇ ಬೇಕಾದೀತು. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ್ದು ಕಾಯಿದೆಯ 18ನೇ ಕಲಮಿನ ಅಧಿಕಾರದಿಂದ. ಅದೇ ಅಧಿಕಾರದಿಂದ ಇನ್ನೊಂದು ಪುಟ ಬರೆಯಬಹುದು: ತರಿಸದ ಸರಕಿಗೆ ದುಡ್ಡು ಕೇಳುವುದು ಅನುಚಿತ ವ್ಯಾಪಾರ, ಆರ್ಡರ್ ಬಂದಿತ್ತೆಂದು ತೋರಿಸುವ ಹೊಣೆ ಮಾರಿದವನದು, ಕಳಿಸಿದವನ ಪೂರ್ಣ ವಿಳಾಸವಿಲ್ಲದ ಡಬ್ಬವನ್ನು ಕೊರಿಯರ್ ಸಂಸ್ಥೆ ಮುಟ್ಟಕೂಡದು. ಆ ಪುಟ ಬರುವ ತನಕ ಅಜ್ಜಿಗೆ ಉಳಿದಿರುವುದು ಎರಡೇ ದಾರಿ: ದುಡ್ಡು ಕೊಡುವ ಮೊದಲು ಗೇಟಿನಲ್ಲೇ ‘ಬೇಡಪ್ಪ, ವಾಪಸ್ ತಗೊಂಡು ಹೋಗು’ ಅನ್ನುವುದು, ಕೊಟ್ಟಿದ್ದರೆ ಮಗನ ಕೈಯಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಸುವುದು.