ಶಾಲೆಗೊಂದು ಆವಿಗೆ

ಕುಂಭಕಲೆಯ ತರಗತಿಯನ್ನು ತೆರೆಯಬಯಸುವ ಸಣ್ಣ ಶಾಲೆಗಳು ಮಡಕೆ ಸುಡುವ ಆವಿಗೆಯ ವಿಚಾರ ಬಂದೊಡನೆ ‘ಎಷ್ಟು ದೊಡ್ಡದು?’ ಎಂದು ಕೇಳುವುದುಂಟು. ‘ಎಷ್ಟು ಸಲ ಸುಡಬಲ್ಲೆವು?’ ಎಂದು ಕೇಳುವುದೇ ಮೇಲೆಂದು ನಾವು ಭಾವಿಸುತ್ತೇವೆ. ದೊಡ್ಡ ಆವಿಗೆ ತುಂಬುವವರೆಗೆ ಬಹುಕಾಲ ಕಾಯಬೇಕು. ಅಷ್ಟರಲ್ಲಿ ವಿದ್ಯಾರ್ಥಿಯು ತಾನು ಮಾಡಿದುದನ್ನೇ ಮರೆತಿರುತ್ತಾನೆ. ಸಣ್ಣ ವಿದ್ಯುತ್ ಆವಿಗೆಯನ್ನು ವಾರಕ್ಕೊಮ್ಮೆ ಉರಿಸಬಹುದು. ಒಡೆದ ಕುಡಿಕೆಯೇ ಪಾಠವಾಗುವುದು.

ಆ ಪಾಠ ವಿಜ್ಞಾನದ್ದೇ. ಚೆನ್ನಾಗಿ ಒಣಗದ ಕುಡಿಕೆಯು 100 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಹಬೆಯ ಒತ್ತಡಕ್ಕೆ ಸಿಡಿಯಬಹುದು. ಸುಮಾರು 450ರಿಂದ 600 ಡಿಗ್ರಿಗಳ ನಡುವೆ ಜೇಡಿಯಲ್ಲಿ ರಾಸಾಯನಿಕವಾಗಿ ಬಂಧಿತವಾದ ನೀರೂ ಹೊರಟುಹೋಗಿ, ಮಣ್ಣು ಮತ್ತೆಂದೂ ನೀರಿನಲ್ಲಿ ಕದಡದ ವಸ್ತುವಾಗುವುದು. 573 ಡಿಗ್ರಿಯಲ್ಲಿ ಬೆಣಚುಕಲ್ಲಿನ ಕಣಗಳು ಥಟ್ಟನೆ ಹಿಗ್ಗುವುವು, ತಣಿಯುವಾಗ ಕುಗ್ಗುವುವು. ಅವಸರಪಟ್ಟರೆ ಬಿರುಕು ಬೀಳುವುದು. ಕೆಂಪು ಜೇಡಿಗೆ 1,000 ಡಿಗ್ರಿಯ ಆಸುಪಾಸು ಸಾಕು. ಪಿಂಗಾಣಿಯ 1,300 ಡಿಗ್ರಿಯ ಹಂಬಲ ಆರಂಭದಲ್ಲಿ ಬೇಡ.

ಉಳಿದ ಹಣವು ತಕ್ಕ ವಿದ್ಯುತ್ ತಂತಿಗೂ ಗಾಳಿ ಹೊರಹೋಗುವ ಏರ್ಪಾಟಿಗೂ ಸಲ್ಲಲಿ. ಸೀಸದ ಮೆರುಗು ಶಾಲೆಯೊಳಗೆ ಬರಕೂಡದು. ಒಣಮಣ್ಣನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಗಂಟೆಗಂಟೆಯ ಉಷ್ಣತೆಯನ್ನು ಅಧ್ಯಾಪಕರ ಎದುರಿನಲ್ಲಿ ವಿದ್ಯಾರ್ಥಿಗಳೇ ಬರೆದಿಡಲಿ. ಆವಿಗೆಯು ಶಾಲೆಯ ಅಲಂಕಾರವಲ್ಲ, ಪ್ರಯೋಗಶಾಲೆ.