ಊಟದ ಅದಲುಬದಲು

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ಹಿರಿಯರ ಮಾತು. ಈ ಮಾತು ಎಷ್ಟರಮಟ್ಟಿಗೆ ದಿಟ, ಎಲ್ಲಿಗೆ ಬಂದಾಗ ಅದೊಂದೇ ಸಾಲದು ಎಂಬುದನ್ನು ತಿಳಿಯಬೇಕಾದರೆ, ಅಮೆರಿಕದ ಪಿಟ್ಸ್‌ಬರ್ಗ್ ನಗರಕ್ಕೂ ದಕ್ಷಿಣ ಆಫ್ರಿಕದ ಹಳ್ಳಿಗಾಡಿಗೂ ನಡುವೆ ನಡೆದ ಒಂದು ವಿಚಿತ್ರವಾದ ವಿನಿಮಯದ ಕಥೆಯನ್ನು ಕೇಳಬೇಕು.

ದೊಡ್ಡ ಕರುಳಿನ ಕ್ಯಾನ್ಸರ್ ಅಮೆರಿಕದ ಎಲ್ಲ ವರ್ಣದವರನ್ನೂ ಕಾಡುವ ವ್ಯಾಧಿ. ಆದರೆ ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಅದು ಬಿಳಿಯರಲ್ಲಿರುವುದಕ್ಕಿಂತ ಹೆಚ್ಚು. ಅದರಿಂದ ಸಾಯುವವರ ಸಂಖ್ಯೆಯಂತೂ ಇನ್ನೂ ಹೆಚ್ಚು. 'ಬ್ಲ್ಯಾಕ್ ಪ್ಯಾಂಥರ್' ಚಲನಚಿತ್ರದ ನಾಯಕನಟ ಚಾಡ್ವಿಕ್ ಬೋಸ್ಮನ್ 2020ರಲ್ಲಿ ಈ ವ್ಯಾಧಿಗೆ ತುತ್ತಾದಾಗ ಅವನ ವಯಸ್ಸು ಕೇವಲ 43.

ಹಾಗಾದರೆ ದೋಷ ರಕ್ತದಲ್ಲಿದೆಯೆ? ವಂಶದಿಂದ ಬರುವ ಕರುಳಿನ ಕ್ಯಾನ್ಸರ್ ಉಂಟೆಂಬುದು ಸತ್ಯ. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷವುಳ್ಳ ಕುಟುಂಬಗಳಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ ಕಾಣಿಸಿಕೊಳ್ಳುತ್ತದೆ. ಆದರೆ ಅಂಥ ಕುಟುಂಬಗಳು ಎಲ್ಲ ಜನಾಂಗಗಳಲ್ಲಿಯೂ ಇವೆ. ಒಟ್ಟು ರೋಗಿಗಳಲ್ಲಿ ಅವರ ಪಾಲು ನೂರಕ್ಕೆ ಸುಮಾರು ಮೂರು ಮಾತ್ರ. ಮೇಲಾಗಿ, ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 65 ಮಂದಿಗೆ ಈ ರೋಗ ತಗಲುತ್ತಿದ್ದ ಕಾಲದಲ್ಲಿಯೇ ಆಫ್ರಿಕದ ಹಳ್ಳಿಗರಲ್ಲಿ ಅದು ಐವರಿಗೂ ಕಡಮೆ ಮಂದಿಗೆ ತಗಲುತ್ತಿತ್ತು.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸ್ಟೀಫನ್ ಓಕೀಫ್ ಮತ್ತು ಅವರ ಸಹೋದ್ಯೋಗಿಗಳು ಈ ಅಂತರದ ಮೂಲವನ್ನು ಅಡಿಗೆಮನೆಯಲ್ಲಿ ಹುಡುಕಿದರು. ಆಫ್ರಿಕನ್ ಮೂಲದ 20 ಮಂದಿ ಅಮೆರಿಕನ್ನರನ್ನೂ ದಕ್ಷಿಣ ಆಫ್ರಿಕದ 20 ಮಂದಿ ಹಳ್ಳಿಗರನ್ನೂ ಆರಿಸಿ, ಎರಡು ವಾರಗಳ ಕಾಲ ಒಬ್ಬರ ಊಟವನ್ನು ಮತ್ತೊಬ್ಬರಿಗೆ ಬಡಿಸಿದರು. ಅಮೆರಿಕನ್ನರ ತಟ್ಟೆಗೆ ಮೆಕ್ಕೆಜೋಳ, ಕಾಳು, ತರಕಾರಿಗಳು ಬಂದವು. ಅವರು ದಿನಕ್ಕೆ ತಿನ್ನುವ ನಾರು 14 ಗ್ರಾಮಿನಿಂದ 55 ಗ್ರಾಮಿಗೇರಿತು. ಹಳ್ಳಿಗರ ತಟ್ಟೆಗೆ ಹ್ಯಾಂಬರ್ಗರ್, ಕರಿದ ಆಲೂಗಡ್ಡೆ ಬಂದವು. ಅವರ ನಾರು 66 ಗ್ರಾಮಿನಿಂದ 12ಕ್ಕಿಳಿಯಿತು.

ದೊಡ್ಡ ಕರುಳಿನಲ್ಲಿ ನೆಲೆಸಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಉಳಿದದ್ದನ್ನು ಉಂಡು ಬದುಕುತ್ತವೆ. ಮನುಷ್ಯನಿಗೆ ಅರಗದ ನಾರು ಅವುಗಳಿಗೆ ಮೃಷ್ಟಾನ್ನ. ಅದನ್ನು ಹುಳಿಯಿಸಿ ಅವು ಬ್ಯುಟಿರೇಟ್ ಎಂಬ ವಸ್ತುವನ್ನು ತಯಾರಿಸುತ್ತವೆ. ಬೆಣ್ಣೆಯ ಲ್ಯಾಟಿನ್ ಹೆಸರಿನಿಂದ ಹುಟ್ಟಿದ ಈ ವಸ್ತುವೇ ಕರುಳಿನ ಒಳಪೊರೆಯ ಕೋಶಗಳಿಗೆ ಮುಖ್ಯ ಆಹಾರ. ಉರಿಯೂತವನ್ನು ತಗ್ಗಿಸುವುದೂ ಇದೇ. ಕೊಬ್ಬು ಹೆಚ್ಚಾದಾಗಲಾದರೋ ಪಿತ್ತರಸ ಹೆಚ್ಚು ಹರಿಯುತ್ತದೆ. ಅದರ ಆಮ್ಲಗಳನ್ನು ಕೆಲವು ಸೂಕ್ಷ್ಮಜೀವಿಗಳು ಒಳಪೊರೆಗೆ ಹಾನಿಕರವಾಗುವಂತೆ ಮಾರ್ಪಡಿಸುತ್ತವೆ.

2015ರಲ್ಲಿ ಪ್ರಕಟವಾದ ಫಲಿತಾಂಶ ವಿಜ್ಞಾನಿಗಳನ್ನೂ ಬೆರಗುಗೊಳಿಸಿತು. ಅಮೆರಿಕನ್ನರಲ್ಲಿ ಬ್ಯುಟಿರೇಟಿನ ಉತ್ಪತ್ತಿ ಎರಡೂವರೆ ಪಟ್ಟಾಯಿತು, ಹಳ್ಳಿಗರಲ್ಲಿ ಅರ್ಧಕ್ಕಿಳಿಯಿತು. ಅಮೆರಿಕನ್ನರ ಕರುಳಿನ ಉರಿಯೂತ ತಗ್ಗಿತು. ಹಳ್ಳಿಗರಲ್ಲಿ ಅಪಾಯದ ಲಕ್ಷಣಗಳು ತಲೆಯೆತ್ತಿದವು. ನಲವತ್ತು ಮಂದಿಯ ಮೇಲೆ ನಡೆದ ಚಿಕ್ಕ ಪ್ರಯೋಗವಿದು. ಅಳೆದದ್ದು ಲಕ್ಷಣಗಳನ್ನೇ ಹೊರತು ಕ್ಯಾನ್ಸರನ್ನಲ್ಲ. ಆದರೂ ರಕ್ತ ಬದಲಾಗದೆ ಹದಿನಾಲ್ಕೇ ದಿನಗಳಲ್ಲಿ ಕರುಳು ಬದಲಾದುದು ಸಣ್ಣ ಸಂಗತಿಯಲ್ಲ.

ಇಷ್ಟಕ್ಕೇ ರೋಗಿಯ ನಾಲಗೆಯ ಮೇಲೆ ತಪ್ಪನ್ನೆಲ್ಲ ಹೊರಿಸುವುದು ಅನ್ಯಾಯ. ಕರುಳಿನ ಕ್ಯಾನ್ಸರ್ ಬಹುತೇಕ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗಿ ವರ್ಷಗಟ್ಟಲೆ ಮೆಲ್ಲನೆ ಬೆಳೆಯುತ್ತದೆ. ಕೊಲೊನೊಸ್ಕೋಪಿ ಪರೀಕ್ಷೆಯಲ್ಲಿ ಆ ಗಂಟನ್ನು ಕಂಡು ಆಗಲೇ ಕಿತ್ತು ಹಾಕಬಹುದು. ಆದರೆ ಪರೀಕ್ಷೆಗೆ ಹಣ ಬೇಕು, ಕರೆದೊಯ್ಯುವವರು ಬೇಕು. ಅಮೆರಿಕದ ಡೆಲವೇರ್ ಎಂಬ ಪುಟ್ಟ ಸಂಸ್ಥಾನ ಇವೆರಡನ್ನೂ ಒದಗಿಸಿತು. ವಿಮೆಯಿಲ್ಲದವರ ಪರೀಕ್ಷೆಗೂ ಚಿಕಿತ್ಸೆಗೂ ತಾನೇ ಹಣ ತೆತ್ತಿತು. 2001ರಲ್ಲಿ ಅಲ್ಲಿಯ ಆಫ್ರಿಕನ್ ಮೂಲದವರಲ್ಲಿ ನೂರಕ್ಕೆ 48 ಮಂದಿ ಪರೀಕ್ಷೆ ಮಾಡಿಸಿಕೊಂಡಿದ್ದರೆ 2009ರಲ್ಲಿ ಆ ಸಂಖ್ಯೆ 74ಕ್ಕೇರಿ ಬಿಳಿಯರಿಗೆ ಸಮನಾಯಿತು. ಅವರಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ರಷ್ಟು ಇಳಿದು, ಎರಡು ವರ್ಣಗಳ ನಡುವಣ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು.

2021ರಲ್ಲಿ ಅಮೆರಿಕದ ತಜ್ಞಮಂಡಲಿ ಪರೀಕ್ಷೆ ಆರಂಭಿಸಬೇಕಾದ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಮನೆತನದಲ್ಲಿ ಈ ರೋಗವಿದ್ದವರು ಇನ್ನೂ ಮೊದಲೇ ವೈದ್ಯರನ್ನು ಕಾಣುವುದು ಲೇಸು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ನಿಶ್ಚಯಿಸಿ ನಾಚಿಕೆಯಿಂದ ಮುಚ್ಚಿಡುವುದು ಯಾವ ವಯಸ್ಸಿನವರಿಗೂ ತರವಲ್ಲ. ಊಟ ಬಲ್ಲವನು ತನ್ನ ದೇಹದ ಸೂಚನೆಯನ್ನೂ ಬಲ್ಲವನಾಗಿರಬೇಕು.